ಸೊಪ್ಪು ತಿಂದ ದೈತ್ಯರು, ಮಾಂಸ ತಿಂದ ರಾಜರು: ಡೈನೋಸಾರ್‌ಗಳಲ್ಲಿ ಯಾರು ದೊಡ್ಡವರು?

ಡೈನೋಸಾರ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟೈರನೊಸಾರಸ್ ರೆಕ್ಸ್, ಅಂದರೆ ಟಿ. ರೆಕ್ಸ್. ದೊಡ್ಡ ತಲೆ, ಬಾಳೆಹಣ್ಣಿನಷ್ಟು ಉದ್ದದ ಹಲ್ಲು, ಎರಡು ಕಾಲಿನ ಮೇಲೆ ನಡಿಗೆ, ಎದೆಯ ಬಳಿ ಪುಟ್ಟ ಎರಡು ಕೈ. 1993ರಲ್ಲಿ ‘ಜುರಾಸಿಕ್ ಪಾರ್ಕ್’ ಸಿನಿಮಾ ಬಂದ ಮೇಲಂತೂ ಅದು ಎಲ್ಲರ ಮನೆಯ ಹೆಸರಾಯಿತು. ‘ಅತಿ ದೊಡ್ಡ ಡೈನೋಸಾರ್ ಯಾವುದು?’ ಎಂದು ಯಾವ ತರಗತಿಯಲ್ಲಿ ಕೇಳಿದರೂ ಮೊದಲು ಕೇಳಿಬರುವ ಉತ್ತರ ಇದೇ.

ಆದರೆ ಆ ಉತ್ತರ ಸರಿಯಲ್ಲ. ಟಿ. ರೆಕ್ಸ್‌ನ ತೂಕ ಸುಮಾರು 8ರಿಂದ 9 ಟನ್. ಅರ್ಜೆಂಟೀನಾದಲ್ಲಿ ಸಿಕ್ಕಿದ ಪೆಟಗೊಟೈಟಾನ್ ಎಂಬ ಸಸ್ಯಾಹಾರಿ ಡೈನೋಸಾರ್‌ನ ತೂಕ 55 ಟನ್ನಿಗೂ ಹೆಚ್ಚು. ತಕ್ಕಡಿಯ ಒಂದು ತಟ್ಟೆಯಲ್ಲಿ ಆ ಸಸ್ಯಾಹಾರಿಯನ್ನು ನಿಲ್ಲಿಸಿದರೆ ಇನ್ನೊಂದು ತಟ್ಟೆಯಲ್ಲಿ ಆರೇಳು ಟಿ. ರೆಕ್ಸ್‌ಗಳನ್ನು ನಿಲ್ಲಿಸಬೇಕಾದೀತು. ಮಾಂಸ ತಿಂದರೆ ಮೈ ಬೆಳೆಯುತ್ತದೆ, ಸೊಪ್ಪು ತಿಂದರೆ ಏನು ಬೆಳೆದೀತು ಎಂದು ನಾವು ಊಟದ ಮುಂದೆ ತಮಾಷೆ ಮಾಡುತ್ತೇವಲ್ಲ, ಡೈನೋಸಾರ್‌ಗಳ ಲೋಕದಲ್ಲಿ ಅದು ತಿರುಗುಮುರುಗು. ಹಾಗೇಕೆ ಎಂದು ಹುಡುಕುತ್ತಾ ಹೋದರೆ ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಭೌತಶಾಸ್ತ್ರ, ಜೀವಶಾಸ್ತ್ರದ ಎರಡು ನಿಯಮಗಳೇ ಎದುರಾಗುತ್ತವೆ.

ಮೂಳೆಯಿಂದ ತೂಕ ತಿಳಿಯುವುದು ಹೇಗೆ?

ಡೈನೋಸಾರ್‌ಗಳು ಅಳಿದು 6 ಕೋಟಿ 60 ಲಕ್ಷ ವರ್ಷಗಳಾದವು. ಅವುಗಳನ್ನು ಯಾರೂ ತೂಗಿದ್ದಿಲ್ಲ. ಹಾಗಾದರೆ 9 ಟನ್, 55 ಟನ್ ಎಂಬ ಲೆಕ್ಕ ಎಲ್ಲಿಂದ ಬಂತು?

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಕಾಲಿನ ಮೂಳೆ. ಪ್ರಾಣಿ ಎಷ್ಟು ಭಾರವೋ ಅದನ್ನು ಹೊರುವ ಮೂಳೆ ಅಷ್ಟು ದಪ್ಪವಿರಬೇಕು. ಇಲಿಯಿಂದ ಆನೆಯವರೆಗೆ ಇಂದು ಬದುಕಿರುವ ಪ್ರಾಣಿಗಳ ತೋಳುಮೂಳೆ ಮತ್ತು ತೊಡೆಮೂಳೆಗಳ ಸುತ್ತಳತೆಯನ್ನೂ ಅವುಗಳ ತೂಕವನ್ನೂ ಹೋಲಿಸಿ ವಿಜ್ಞಾನಿಗಳು ಒಂದು ಸೂತ್ರ ಮಾಡಿಕೊಂಡಿದ್ದಾರೆ. ಡೈನೋಸಾರ್‌ನ ಮೂಳೆಯ ಸುತ್ತಳತೆಯನ್ನು ಆ ಸೂತ್ರಕ್ಕೆ ಹಾಕಿದರೆ ತೂಕದ ಅಂದಾಜು ಸಿಗುತ್ತದೆ. ಎರಡನೆಯದು ಇಡೀ ಅಸ್ಥಿಪಂಜರವನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿ, ಅದರ ಮೇಲೆ ಮಾಂಸ ಚರ್ಮ ತುಂಬಿಸಿ, ಗಾತ್ರವನ್ನು ಲೆಕ್ಕ ಹಾಕುವುದು.

ಎರಡೂ ಅಂದಾಜುಗಳೇ. ಪೆಟಗೊಟೈಟಾನ್‌ಗೆ 2017ರಲ್ಲಿ ಹೆಸರಿಟ್ಟಾಗ ಅದರ ತೂಕ 69 ಟನ್ ಎಂದಿದ್ದರು. ನಂತರದ ಲೆಕ್ಕಗಳಲ್ಲಿ ಅದು 57 ಟನ್ನಿನ ಆಸುಪಾಸಿಗೆ ಇಳಿಯಿತು. ಆದ್ದರಿಂದ ಈ ಲೇಖನದ ತೂಕಗಳನ್ನೆಲ್ಲ ‘ಸುಮಾರು’ ಎಂದೇ ಓದಿಕೊಳ್ಳಬೇಕು. ಒಂದು ಮಾತು ಮಾತ್ರ ಖಚಿತ. ಯಾವ ಲೆಕ್ಕ ಹಿಡಿದರೂ ದೊಡ್ಡ ಸಸ್ಯಾಹಾರಿಗೂ ದೊಡ್ಡ ಮಾಂಸಾಹಾರಿಗೂ ನಡುವಿನ ಅಂತರ ಅಳಿಸಿಹೋಗುವಷ್ಟು ಸಣ್ಣದಲ್ಲ.

ಸಾಲಾಗಿ ನಿಲ್ಲಿಸಿ ನೋಡೋಣ

ಮೊದಲು ಮಾಂಸಾಹಾರಿಗಳು. ಇವೆಲ್ಲ ಥೆರೊಪಾಡ್ ಎಂಬ ಗುಂಪಿನವು, ಎರಡು ಕಾಲಿನ ಮೇಲೆ ನಡೆಯುತ್ತಿದ್ದವು. ಅಮೆರಿಕದ ಷಿಕಾಗೊ ನಗರದ ಫೀಲ್ಡ್ ಮ್ಯೂಸಿಯಂನಲ್ಲಿ ‘ಸೂ’ ಎಂಬ ಹೆಸರಿನ ಟಿ. ರೆಕ್ಸ್ ಇದೆ. 1990ರಲ್ಲಿ ಸಿಕ್ಕಿದ ಅದರ ಉದ್ದ 12 ಮೀಟರ್‌ಗಿಂತ ತುಸು ಹೆಚ್ಚು. ಕೆನಡಾದಲ್ಲಿ ಸಿಕ್ಕಿದ ‘ಸ್ಕಾಟಿ’ ಎಂಬ ಇನ್ನೊಂದರ ತೂಕ ಸುಮಾರು 8.8 ಟನ್ ಎಂದು 2019ರಲ್ಲಿ ಅಂದಾಜಿಸಿದರು. ಅರ್ಜೆಂಟೀನಾದ ಜೈಗನೊಟೊಸಾರಸ್ ಕೂಡ ಹೆಚ್ಚುಕಡಿಮೆ ಇಷ್ಟೇ ಉದ್ದ. ಆಫ್ರಿಕಾದ ಸ್ಪೈನೊಸಾರಸ್ ಇವೆರಡಕ್ಕಿಂತಲೂ ಉದ್ದ, ಸುಮಾರು 14 ಮೀಟರ್. ಆದರೆ ತೂಕದಲ್ಲಿ ಟಿ. ರೆಕ್ಸ್‌ಗಿಂತ ಕಡಿಮೆ.

ಈಗ ಸಸ್ಯಾಹಾರಿಗಳು. ಇವುಗಳಲ್ಲಿ ದೈತ್ಯ ಗಾತ್ರದವು ಸಾರೊಪಾಡ್ ಗುಂಪಿನವು: ಉದ್ದ ಕತ್ತು, ಉದ್ದ ಬಾಲ, ಕಂಬದಂಥ ನಾಲ್ಕು ಕಾಲು, ಮೈಗೆ ಹೋಲಿಸಿದರೆ ಪುಟ್ಟ ತಲೆ. ಪೆಟಗೊಟೈಟಾನ್‌ನ ಉದ್ದ 37 ಮೀಟರ್. ಅದರ ತೊಡೆಮೂಳೆಯೊಂದೇ 2.38 ಮೀಟರ್, ನಮ್ಮ ಕಾಲೇಜಿನ ಅತಿ ಎತ್ತರದ ವಾಲಿಬಾಲ್ ಆಟಗಾರ ಪಕ್ಕದಲ್ಲಿ ನಿಂತರೂ ಮೂಳೆಯೇ ಎತ್ತರ. ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಅದರ ಪ್ರತಿಕೃತಿ ಇದೆ. ದೊಡ್ಡ ಸಭಾಂಗಣವೇ ಆದರೂ ಅದು ಹಿಡಿಸದೆ, ತಲೆ ಬಾಗಿಲಿನಿಂದ ಹೊರಗೆ ಚಾಚಿಕೊಂಡಿದೆ. ಅರ್ಜೆಂಟೈನೊಸಾರಸ್ ಎಂಬುದು ಇದಕ್ಕಿಂತಲೂ ದೊಡ್ಡದಿದ್ದಿರಬಹುದು. ಅದರ ಬೆನ್ನೆಲುಬಿನ ಒಂದು ಮಣಿಯ ಎತ್ತರವೇ ಒಂದೂವರೆ ಮೀಟರ್ ದಾಟುತ್ತದೆ.

ಇನ್ನೊಂದು ತುದಿಯನ್ನೂ ನೋಡಬೇಕು. ಎಲ್ಲ ಸಸ್ಯಾಹಾರಿಗಳೂ ದೈತ್ಯರಲ್ಲ. ಏಷ್ಯಾದಲ್ಲಿದ್ದ ಸಿಟಾಕೊಸಾರಸ್ ಎಂಬ ಸಸ್ಯಾಹಾರಿ ಒಂದು ಆಡಿನಷ್ಟು ತೂಗುತ್ತಿತ್ತು. ಹಾಗೆಯೇ ಎಲ್ಲ ಮಾಂಸಾಹಾರಿಗಳೂ ರಾಕ್ಷಸರಲ್ಲ. ಸಿನಿಮಾದಲ್ಲಿ ಮನುಷ್ಯರನ್ನು ಅಟ್ಟಿಸಿಕೊಂಡು ಬರುವ ವೆಲಾಸಿರಾಪ್ಟರ್ ನಿಜದಲ್ಲಿ ದೊಡ್ಡ ಟರ್ಕಿ ಕೋಳಿಯ ಗಾತ್ರದ್ದು, ಮೈತುಂಬ ಗರಿ ಇದ್ದ ಪ್ರಾಣಿ. ಚೀನಾದ ಮೈಕ್ರೊರಾಪ್ಟರ್ ಕಾಗೆಯಷ್ಟು. ಹಾಗಾಗಿ ‘ಸಸ್ಯಾಹಾರಿ ಎಂದರೆ ದೊಡ್ಡದು, ಮಾಂಸಾಹಾರಿ ಎಂದರೆ ಚಿಕ್ಕದು’ ಎಂದು ಹೇಳಲಾಗದು. ಸರಿಯಾದ ಮಾತು ಇದು: ಎರಡೂ ಗುಂಪಿನಲ್ಲಿ ಚಿಕ್ಕವು ಇದ್ದವು, ಆದರೆ ಮಾಂಸಾಹಾರಿಗಳ ಬೆಳವಣಿಗೆ ಸುಮಾರು 9-10 ಟನ್ನಿಗೆ ನಿಂತಿತು, ಸಸ್ಯಾಹಾರಿಗಳದ್ದು ಅದರ ಆರೇಳು ಪಟ್ಟು ಮುಂದಕ್ಕೆ ಹೋಯಿತು.

ಶೇಕಡಾ 10ರ ನಿಯಮ

ದ್ವಿತೀಯ ಪಿಯು ಜೀವಶಾಸ್ತ್ರದ ಪರಿಸರ ವ್ಯವಸ್ಥೆಯ ಪಾಠದಲ್ಲಿ ಶಕ್ತಿಯ ಪಿರಮಿಡ್ ಬರುತ್ತದೆ. ಗಿಡ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುತ್ತದೆ. ಗಿಡವನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಕೆಳಗಿನ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಮೇಲಕ್ಕೆ ತಲುಪುತ್ತದೆ. ಉಳಿದದ್ದು ಉಸಿರಾಟ, ಓಡಾಟ, ಮೈಬಿಸಿ, ಸಗಣಿ ಎಂದು ಕಳೆದುಹೋಗುತ್ತದೆ. 1942ರಲ್ಲಿ ರೇಮಂಡ್ ಲಿಂಡೆಮನ್ ಎಂಬ ವಿಜ್ಞಾನಿ ಈ ಶಕ್ತಿಯ ಹರಿವನ್ನು ಲೆಕ್ಕ ಹಾಕಿ ತೋರಿಸಿದರು. ಒಂದು ಪ್ರಾಣಿ ಇನ್ನೊಂದನ್ನು ತಿಂದು ತಾನು ಮತ್ತೊಂದಕ್ಕೆ ಆಹಾರವಾಗುತ್ತದೆ ಎಂಬ ವಿಚಾರವಂತೂ ಬಹಳ ಹಳೆಯದು. ಒಂಬತ್ತನೆಯ ಶತಮಾನದಲ್ಲೇ ಬಸ್ರಾದ ಅಲ್-ಜಾಹಿಝ್ ತಮ್ಮ ‘ಕಿತಾಬುಲ್ ಹಯವಾನ್’ ಎಂಬ ಪ್ರಾಣಿಗ್ರಂಥದಲ್ಲಿ ಇದನ್ನು ಬರೆದಿದ್ದಾರೆ.

ಇದರ ಪರಿಣಾಮ ನಮ್ಮ ಕಾಡುಗಳಲ್ಲೇ ಕಾಣುತ್ತದೆ. ನಾಗರಹೊಳೆಯಲ್ಲಿ ಬಹುಕಾಲ ಅಧ್ಯಯನ ನಡೆಸಿದ ಹುಲಿತಜ್ಞ ಉಲ್ಲಾಸ ಕಾರಂತರು ಕೊಡುವ ಲೆಕ್ಕ ಹೀಗಿದೆ: ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು. ಬೇಟೆಪ್ರಾಣಿಗಳ ಸಂಖ್ಯೆ ಕುಸಿಯದೆ ವರ್ಷಕ್ಕೆ 50 ಸಿಗಬೇಕಾದರೆ ಆ ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಗಳಂಥವು ಸುಮಾರು 500 ಇರಬೇಕು. ಒಂದು ಹುಲಿಯ ಹಿಂದೆ ಐನೂರು ಪ್ರಾಣಿಗಳು, ಆ ಐನೂರರ ಹಿಂದೆ ಅಷ್ಟು ದೊಡ್ಡ ಕಾಡು.

ಈಗ ಹುಲಿಯ ಜಾಗದಲ್ಲಿ ಟಿ. ರೆಕ್ಸ್ ಇಟ್ಟು ನೋಡಿ. ಗಂಡು ಹುಲಿ 200 ಕೆ.ಜಿ. ದಾಟಿದರೆ ಟಿ. ರೆಕ್ಸ್ 8,000 ಕೆ.ಜಿ. ಮೈ ದೊಡ್ಡದಾದಷ್ಟೂ ಒಂದೊಂದಕ್ಕೆ ಬೇಕಾಗುವ ಮಾಂಸ ಹೆಚ್ಚು. ಆಗ ಅದೇ ಕಾಡಿನಲ್ಲಿ ಬದುಕಬಲ್ಲವುಗಳ ಸಂಖ್ಯೆ ಕಡಿಮೆ. 2021ರಲ್ಲಿ ಅಮೆರಿಕದ ವಿಜ್ಞಾನಿಗಳ ಒಂದು ತಂಡ ಹಾಕಿದ ಲೆಕ್ಕದ ಪ್ರಕಾರ ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಸುಮಾರು 20,000 ಪ್ರೌಢ ಟಿ. ರೆಕ್ಸ್‌ಗಳಷ್ಟೇ ಬದುಕಿದ್ದವು, ಹೆಚ್ಚುಕಡಿಮೆ 100 ಚದರ ಕಿ.ಮೀ.ಗೆ ಒಂದು. ಸುಮಾರು 870 ಚದರ ಕಿ.ಮೀ. ಇರುವ ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದಷ್ಟು ಜಾಗದಲ್ಲಿ ಎಂಟೋ ಒಂಬತ್ತೋ.

ಇನ್ನೂ ದೊಡ್ಡದಾಗಿ, 50 ಟನ್ನಿಗೆ ಬೆಳೆದಿದ್ದರೆ? ಆಗ ಸಂಖ್ಯೆ ಇನ್ನೂ ಇಳಿಯುತ್ತಿತ್ತು. ಜೋಡಿ ಸಿಗುವುದು ಕಷ್ಟ, ಒಂದು ಬರಗಾಲ ಬಂದರೆ ಇಡೀ ಸಂತತಿಯೇ ಅಳಿಯುವ ಭಯ. ಮಾಂಸಾಹಾರಿಯ ಗಾತ್ರಕ್ಕೆ ಬಿದ್ದ ಮೊದಲ ಮಿತಿ ಇದು. ಸಸ್ಯಾಹಾರಿ ಪಿರಮಿಡ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿದೆ. ಅದಕ್ಕೆ ಹತ್ತು ಪಟ್ಟು ಹೆಚ್ಚು ಶಕ್ತಿ ಸಿಗುತ್ತದೆ, ಹಾಗಾಗಿ ದೊಡ್ಡದಾಗಲು ಅವಕಾಶವೂ ಹೆಚ್ಚು.

ಹಾಗಾದರೆ ನೀಲಿ ತಿಮಿಂಗಿಲ? ಸುಮಾರು 30 ಮೀಟರ್ ಬೆಳೆಯುವ, 150 ಟನ್ ದಾಟುವ ಅದು ನಮಗೆ ತಿಳಿದಿರುವ ಅತಿ ಭಾರದ ಪ್ರಾಣಿ. ಅದು ಸಸ್ಯಾಹಾರಿಯಲ್ಲ! ಆದರೆ ಅದು ತಿನ್ನುವುದು ದೊಡ್ಡ ಮೀನನ್ನಲ್ಲ, ಸಿಗಡಿಯಂತೆ ಕಾಣುವ ಬೆರಳುದ್ದದ ಕ್ರಿಲ್‌ಗಳನ್ನು. ಕ್ರಿಲ್‌ಗಳು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳನ್ನು ತಿನ್ನುತ್ತವೆ, ಅಂದರೆ ಪಿರಮಿಡ್ಡಿನ ಬುಡದಲ್ಲೇ ಇವೆ. ತಿಮಿಂಗಿಲ ಮಾಂಸಾಹಾರಿಯೇ ಆದರೂ ಉಣ್ಣುವುದು ಕೆಳಗಿನ ಪಂಕ್ತಿಯಲ್ಲಿ. ಜೊತೆಗೆ ಅದರ ಭಾರವನ್ನು ನೀರು ಹೊರುತ್ತದೆ. ನೆಲದ ಮೇಲಿನ ಪ್ರಾಣಿಗೆ ಆ ಸೌಕರ್ಯವಿಲ್ಲ.

ಭಾರ ಹೊರುವ ಲೆಕ್ಕ

ಇಲ್ಲಿ ಎರಡನೆಯ ನಿಯಮ ಬರುತ್ತದೆ. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದವು ಎಂದುಕೊಳ್ಳಿ. ಅದರ ತೂಕ 2×2×2, ಅಂದರೆ 8 ಪಟ್ಟಾಗುತ್ತದೆ. ಆದರೆ ಮೂಳೆಯ ಬಲ ಇರುವುದು ಅದರ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. ಅದು 2×2, ಅಂದರೆ 4 ಪಟ್ಟು ಮಾತ್ರ. ಭಾರ ಎಂಟು ಪಟ್ಟು, ಹೊರುವ ಶಕ್ತಿ ನಾಲ್ಕು ಪಟ್ಟು. ಅದಕ್ಕೇ ಆನೆಯ ಕಾಲು ಜಿಂಕೆಯ ಕಾಲಿನಂತೆ ತೆಳ್ಳಗಿರಲು ಸಾಧ್ಯವಿಲ್ಲ. ಗೆಲಿಲಿಯೊ 1638ರ ತಮ್ಮ ಪುಸ್ತಕದಲ್ಲಿ ಇದನ್ನು ಮೂಳೆಯ ಚಿತ್ರ ಬರೆದೇ ವಿವರಿಸಿದ್ದರು.

ಸಾರೊಪಾಡ್ ಈ ಭಾರವನ್ನು ನಾಲ್ಕು ಕಂಬಗಳ ಮೇಲೆ ಹಂಚಿತು. ಅದಕ್ಕೆ ಓಡುವ ಅಗತ್ಯವಿರಲಿಲ್ಲ, ಮರ ಎಲ್ಲಿಗೂ ಓಡಿಹೋಗುವುದಿಲ್ಲ. ಟಿ. ರೆಕ್ಸ್‌ಗೆ ಇದ್ದದ್ದು ಎರಡೇ ಕಾಲು. ಹೆಜ್ಜೆ ಎತ್ತಿದಾಗಲೆಲ್ಲ ಇಡೀ 8 ಟನ್ ಭಾರ ಒಂದೇ ಕಾಲಿನ ಮೇಲೆ. ಅಷ್ಟಾದರೂ ಅದು ಬೇಟೆಯ ಹಿಂದೆ ಹೋಗಬೇಕು, ತಿರುಗಬೇಕು, ಬೇಟೆಯ ಒದೆತಕ್ಕೆ ಬೀಳದೆ ನಿಲ್ಲಬೇಕು. 2017ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಮಾಡಿದ ಕಂಪ್ಯೂಟರ್ ಮಾದರಿಯ ಪ್ರಕಾರ, ಪ್ರೌಢ ಟಿ. ರೆಕ್ಸ್ ನಿಜವಾಗಿ ಓಡಲು ಹೊರಟಿದ್ದರೆ ಅದರ ಕಾಲಿನ ಮೂಳೆ ತಡೆಯುತ್ತಿರಲಿಲ್ಲ. ಅದು ದಾಪುಗಾಲಿಟ್ಟು ನಡೆಯುತ್ತಿತ್ತು ಅಷ್ಟೇ. ಅಂದರೆ ಬೇಟೆಗಾರನಾಗಿ ಎಷ್ಟು ಭಾರ ಹೊರಬಹುದೋ ಅದರ ಅಂಚಿಗೆ ಅದು ಆಗಲೇ ಬಂದು ನಿಂತಿತ್ತು.

ಸೊಪ್ಪು ತಿಂದು ಅಷ್ಟು ಬೆಳೆದದ್ದು ಹೇಗೆ?

ಅವಕಾಶ ಇದ್ದ ಮಾತ್ರಕ್ಕೆ ಎಲ್ಲ ಸಸ್ಯಾಹಾರಿಗಳೂ 50 ಟನ್ ಆಗುವುದಿಲ್ಲ. ಇಂದಿನ ಆನೆಯೂ ಸಸ್ಯಾಹಾರಿಯೇ, ಆದರೆ ನಮ್ಮ ಗಂಡಾನೆಯ ತೂಕ 4-5 ಟನ್. ಸಾರೊಪಾಡ್‌ಗಳಲ್ಲಿ ಬೇರೆ ಏನೋ ವಿಶೇಷವಿತ್ತು.

ಒಂದು, ಅವು ಅಗಿಯುತ್ತಿರಲಿಲ್ಲ. ಆನೆ ದಿನದ ಬಹುಪಾಲನ್ನು ಮೇಯುವುದರಲ್ಲಿ, ಅಗಿಯುವುದರಲ್ಲಿ ಕಳೆಯುತ್ತದೆ. ಅಗಿಯಲು ದೊಡ್ಡ ದವಡೆ, ದವಡೆಗೆ ದೊಡ್ಡ ತಲೆ ಬೇಕು. ಸಾರೊಪಾಡ್ ಸೊಪ್ಪನ್ನು ಕಿತ್ತು ಹಾಗೆಯೇ ನುಂಗುತ್ತಿತ್ತು. ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ದಿನಗಟ್ಟಲೆ ಕೊಳೆಸಿ ಜೀರ್ಣಿಸುತ್ತಿದ್ದವು.

ಎರಡು, ತಲೆ ಹಗುರವಾದ್ದರಿಂದ ಕತ್ತು ಉದ್ದವಾಗಲು ಸಾಧ್ಯವಾಯಿತು. ಚೀನಾದ ಮಾಮೆಂಚಿಸಾರಸ್ ಎಂಬ ಸಾರೊಪಾಡ್‌ನ ಕತ್ತು ಸುಮಾರು 15 ಮೀಟರ್, ಜಿರಾಫೆಯ ಕತ್ತಿನ ಆರು ಪಟ್ಟು. ಅಷ್ಟು ದೊಡ್ಡ ದೇಹವನ್ನು ಕದಲಿಸದೆ, ನಿಂತಲ್ಲೇ ಕತ್ತು ತಿರುಗಿಸಿ ಸುತ್ತಲಿನ ಹಸಿರನ್ನೆಲ್ಲ ಮುಗಿಸಬಹುದಿತ್ತು. ಖರ್ಚು ಕಡಿಮೆ, ಆದಾಯ ಹೆಚ್ಚು.

ಮೂರು, ಗಾಳಿಚೀಲಗಳು. ಇಂದಿನ ಹಕ್ಕಿಗಳಲ್ಲಿರುವಂತೆ ಸಾರೊಪಾಡ್‌ಗಳ ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲಗಳು ಬೆನ್ನೆಲುಬಿನ ಮಣಿಗಳ ಒಳಗೂ ಹಬ್ಬಿದ್ದವು. ಇದರಿಂದ ಮೂಳೆ ಹಗುರ, ಉಸಿರಾಟವೂ ಸಲೀಸು. ಮಾಂಸಾಹಾರಿ ಥೆರೊಪಾಡ್‌ಗಳಿಗೂ ಈ ಸೌಕರ್ಯವಿತ್ತು. ಅವು ಹುಲಿ ಸಿಂಹಗಳಿಗಿಂತ ಇಷ್ಟು ದೊಡ್ಡದಾಗಿದ್ದಕ್ಕೆ ಇದೂ ಒಂದು ಕಾರಣ.

ನಾಲ್ಕು, ಬೆಳವಣಿಗೆಯ ವೇಗ. ಮರದ ಕಾಂಡದಲ್ಲಿ ಇರುವಂತೆ ಡೈನೋಸಾರ್ ಮೂಳೆಗಳಲ್ಲೂ ವರ್ಷಕ್ಕೊಂದರಂತೆ ಬಳೆಗಳಿರುತ್ತವೆ. ಅವುಗಳನ್ನು ಎಣಿಸಿದರೆ ವಯಸ್ಸು ತಿಳಿಯುತ್ತದೆ. ಟಿ. ರೆಕ್ಸ್ 14ರಿಂದ 18ನೇ ವಯಸ್ಸಿನ ನಡುವೆ, ಅಂದರೆ ಸರಿಯಾಗಿ ನಮ್ಮ ಪಿಯು ವಯಸ್ಸಿನಲ್ಲಿ, ದಿನಕ್ಕೆ ಸುಮಾರು 2 ಕೆ.ಜಿ. ಹೆಚ್ಚುತ್ತಿತ್ತು ಎಂದು 2004ರ ಒಂದು ಅಧ್ಯಯನ ತೋರಿಸಿತು. ಸಾರೊಪಾಡ್‌ಗಳ ವೇಗ ಅದಕ್ಕಿಂತಲೂ ಹೆಚ್ಚು.

ಹುಲಿಗಿಂತ ಟಿ. ರೆಕ್ಸ್ ಅದೃಷ್ಟವಂತ

ಇಲ್ಲೊಂದು ಸ್ವಾರಸ್ಯವಿದೆ. ಇಂದು ಹುಲಿ ಮತ್ತು ಆನೆಯ ತೂಕದ ಅನುಪಾತ ಸುಮಾರು 1:20. ಡೈನೋಸಾರ್‌ಗಳಲ್ಲಿ ಅದು 1:6 ಅಥವಾ 1:7. ಹಾಗೆ ನೋಡಿದರೆ ಮಾಂಸಾಹಾರಿ ಡೈನೋಸಾರ್‌ಗಳು ನಿರೀಕ್ಷೆಗಿಂತ ದೊಡ್ಡವೇ! ಏಕೆ?

ಇದಕ್ಕೆ ವಿಜ್ಞಾನಿಗಳು ಕೊಡುವ ಉತ್ತರಗಳಲ್ಲಿ ಒಂದು ಮೊಟ್ಟೆ. ಆನೆ 22 ತಿಂಗಳು ಹೊತ್ತು ಒಂದು ಮರಿ ಹಾಕುತ್ತದೆ. ಸಾರೊಪಾಡ್ ಎಷ್ಟೇ ದೈತ್ಯವಾದರೂ ಇಡುತ್ತಿದ್ದದ್ದು 15-20 ಸೆಂ.ಮೀ. ಅಗಲದ, ಕರಬೂಜದ ಗಾತ್ರದ ಮೊಟ್ಟೆಗಳನ್ನು. ಒಂದು ಗೂಡಿನಲ್ಲಿ ಹಲವು. ಹಾಗಾಗಿ ಕಾಡಿನಲ್ಲಿ ಸದಾ ಮರಿಗಳೂ ಎಳೆಯವೂ ತುಂಬಿರುತ್ತಿದ್ದವು. ಮಾಂಸಾಹಾರಿಗಳು 50 ಟನ್ನಿನ ತಾಯಿಯ ತಂಟೆಗೆ ಹೋಗಬೇಕಾಗಿರಲಿಲ್ಲ, ಈ ಮರಿಗಳೇ ಸಾಕಿತ್ತು.

ಇದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. ಗುಜರಾತಿನ ಢೋಲಿ ಡುಂಗ್ರಿ ಎಂಬಲ್ಲಿ ಸಿಕ್ಕಿದ ಒಂದು ಕಲ್ಲಿನಲ್ಲಿ ಸಾರೊಪಾಡ್ ಮೊಟ್ಟೆಗಳು, ಆಗಷ್ಟೇ ಹೊರಬಂದ ಅರ್ಧ ಮೀಟರ್ ಉದ್ದದ ಮರಿ, ಅದರ ಪಕ್ಕದಲ್ಲಿ ಸುತ್ತಿಕೊಂಡ ಮೂರೂವರೆ ಮೀಟರ್ ಹಾವು, ಎಲ್ಲವೂ ಒಟ್ಟಿಗೆ ಕಲ್ಲಾಗಿವೆ. ಭೂವಿಜ್ಞಾನಿ ಧನಂಜಯ ಮೊಹಬೆ ಮತ್ತು ಅವರ ಜೊತೆಗಾರರು 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಿಟ್ಟರು. ಮುಂದೆ ಹಲವು ಟನ್ ತೂಗಬೇಕಿದ್ದ ಪ್ರಾಣಿ ಹುಟ್ಟಿದ ದಿನ ಹಾವಿಗೂ ತುತ್ತಾಗುವಷ್ಟು ಚಿಕ್ಕದಿತ್ತು!

ಭಾರತದಲ್ಲಿ ದೊಡ್ಡವೂ ಸಿಕ್ಕಿವೆ. ಗೋದಾವರಿ ಕಣಿವೆಯಲ್ಲಿ ಸಿಕ್ಕಿದ ಬಾರಾಪಾಸಾರಸ್ ಟಾಗೋರಿ ಸುಮಾರು 14 ಮೀಟರ್ ಉದ್ದದ ಸಸ್ಯಾಹಾರಿ. ಹೆಸರಿನ ಅರ್ಥ ‘ದೊಡ್ಡ ಕಾಲಿನದು’. ಕೊನೆಯ ಪದ ರವೀಂದ್ರನಾಥ ಠಾಕೂರರ ನೆನಪಿಗೆ. ಅದರ ಅಸ್ಥಿಪಂಜರ ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಡೈನೋಸಾರ್ ಯುಗದ ಕೊನೆಯಲ್ಲಿ ಮಧ್ಯ ಮತ್ತು ಪಶ್ಚಿಮ ಭಾರತದಲ್ಲಿ ಐಸಿಸಾರಸ್ ಎಂಬ ಸಸ್ಯಾಹಾರಿಯೂ ರಾಜಾಸಾರಸ್ ಎಂಬ ಮಾಂಸಾಹಾರಿಯೂ ಇದ್ದವು. ಮೊದಲನೆಯದು ಸುಮಾರು 18 ಮೀಟರ್, ಎರಡನೆಯದು ಹೆಚ್ಚೆಂದರೆ 9 ಮೀಟರ್. ಇಲ್ಲೂ ಅದೇ ಕಥೆ.

ಕರ್ನಾಟಕದಲ್ಲಿ ಯಾಕಿಲ್ಲ ಎಂದು ಕೇಳಬಹುದು. ನಮ್ಮ ರಾಜ್ಯದ ಬಹುಪಾಲು ಬಂಡೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ಡೈನೋಸಾರ್ ಇರಲಿ, ಮೂಳೆ ಇರುವ ಯಾವ ಪ್ರಾಣಿಯೂ ಆಗ ಹುಟ್ಟಿರಲಿಲ್ಲ.

ಬಹರಿಯಾದ ಒಗಟು

ಇಲ್ಲಿಯವರೆಗೆ ಹೋಲಿಸಿದ ಟಿ. ರೆಕ್ಸ್ ಮತ್ತು ಪೆಟಗೊಟೈಟಾನ್ ಎಂದೂ ಮುಖಾಮುಖಿಯಾದವಲ್ಲ. ಒಂದು ಉತ್ತರ ಅಮೆರಿಕದಲ್ಲಿ, ಇನ್ನೊಂದು ದಕ್ಷಿಣ ಅಮೆರಿಕದಲ್ಲಿ; ನಡುವೆ 3 ಕೋಟಿ ವರ್ಷಗಳ ಅಂತರ. ನಮ್ಮ ನಿಯಮ ಗಟ್ಟಿಯೇ ಎಂದು ಪರೀಕ್ಷಿಸಲು ಒಂದೇ ಜಾಗ, ಒಂದೇ ಕಾಲದ ಪ್ರಾಣಿಗಳು ಬೇಕು. ಅಂಥ ಜಾಗ ಈಜಿಪ್ಟಿನ ಬಹರಿಯಾ ಓಯಸಿಸ್. ನಿಯಮ ತಲೆಕೆಳಗಾದಂತೆ ಕಂಡದ್ದೂ ಅಲ್ಲೇ.

ಕೈರೋ ನಗರದಿಂದ ನೈಋತ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಕಿ.ಮೀ. ದೂರದ ಈ ಮರುಭೂಮಿ ಸುಮಾರು 9.5 ಕೋಟಿ ವರ್ಷಗಳ ಹಿಂದೆ ಕಡಲಂಚಿನ ಜೌಗು ನೆಲವಾಗಿತ್ತು, ನಮ್ಮ ಕರಾವಳಿಯ ಕಾಂಡ್ಲಾ ಕಾಡಿನಂತೆ. ಜರ್ಮನಿಯ ಅರ್ನ್ಸ್ಟ್ ಸ್ಟ್ರೋಮರ್ 1911ರಲ್ಲಿ ಅಲ್ಲಿಗೆ ಹೋದರು. ಮುಂದಿನ ವರ್ಷಗಳಲ್ಲಿ ಅಲ್ಲಿಂದ ಬಂದ ಮೂಳೆಗಳನ್ನು ಪರೀಕ್ಷಿಸಿ 1915ರಲ್ಲಿ ಸ್ಪೈನೊಸಾರಸ್‌ಗೆ ಹೆಸರಿಟ್ಟರು. ಬೆನ್ನ ಮೇಲೆ ಮನುಷ್ಯನೆತ್ತರದ ಮುಳ್ಳುಗಳಿದ್ದ ಮಾಂಸಾಹಾರಿ ಅದು. ಅಲ್ಲೇ ಇನ್ನೆರಡು ದೊಡ್ಡ ಮಾಂಸಾಹಾರಿಗಳ ಮೂಳೆಗಳೂ ಸಿಕ್ಕವು. ಸಸ್ಯಾಹಾರಿಗಳ ಮೂಳೆ ಮಾತ್ರ ತೀರಾ ಕಡಿಮೆ. ಹುಲಿಗಳು ತುಂಬಿದ ಕಾಡಿನಲ್ಲಿ ಜಿಂಕೆಗಳೇ ಇಲ್ಲದಂತೆ! ಇಷ್ಟು ಬೇಟೆಗಾರರು ತಿನ್ನುತ್ತಿದ್ದದ್ದೇನು? ಇದನ್ನು ‘ಸ್ಟ್ರೋಮರ್ ಒಗಟು’ ಎಂದೇ ಕರೆಯುತ್ತಾರೆ.

ಒಗಟು ಬಿಡಿಸುವ ಮೊದಲೇ ಪುರಾವೆ ನಾಶವಾಯಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಮ್ಯೂನಿಕ್ ಮ್ಯೂಸಿಯಂನ ಮೂಳೆಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ ಎಂದು ಸ್ಟ್ರೋಮರ್ ಕೇಳಿಕೊಂಡರು. ಅವರು ನಾಜಿಗಳ ಟೀಕಾಕಾರರು; ಕೋರಿಕೆಗೆ ಒಪ್ಪಿಗೆ ಸಿಗಲಿಲ್ಲ. 1944ರ ಏಪ್ರಿಲ್‌ನಲ್ಲಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ಎಲ್ಲವೂ ಸುಟ್ಟುಹೋಯಿತು. ಉಳಿದದ್ದು ಅವರು ಬರೆದಿಟ್ಟ ಟಿಪ್ಪಣಿ, ಬಿಡಿಸಿಟ್ಟ ಚಿತ್ರ, ಕೆಲವು ಫೋಟೋಗಳು.

ಎಪ್ಪತ್ತು ವರ್ಷಗಳ ನಂತರ, 2014ರಲ್ಲಿ, ಜರ್ಮನ್-ಮೊರಾಕ್ಕನ್ ವಿಜ್ಞಾನಿ ನಿಝಾರ್ ಇಬ್ರಾಹೀಂ ಮತ್ತು ಅವರ ತಂಡ ಮೊರಾಕ್ಕೊದಲ್ಲಿ ಸಿಕ್ಕಿದ ಹೊಸ ಸ್ಪೈನೊಸಾರಸ್ ಅಸ್ಥಿಪಂಜರವನ್ನು ಜಗತ್ತಿನ ಮುಂದಿಟ್ಟಿತು. ಮೂಳೆಗಳನ್ನು ತಾಳೆ ನೋಡಲು ನೆರವಾದದ್ದು ಸ್ಟ್ರೋಮರ್‌ರ ಅದೇ ಚಿತ್ರಗಳು. ಮೊಸಳೆಯಂಥ ಉದ್ದ ಮೂತಿ, ಜಾರುವ ಬೇಟೆಯನ್ನು ಹಿಡಿಯುವ ಶಂಕುವಿನಾಕಾರದ ಹಲ್ಲು. 2020ರಲ್ಲಿ ಅದೇ ಪ್ರಾಣಿಯ ಬಾಲ ಹುಟ್ಟಿನಂತೆ ಅಗಲವಾಗಿತ್ತೆಂದೂ ತಿಳಿಯಿತು. ಇಂಗ್ಲೆಂಡಿನಲ್ಲಿ ಸಿಕ್ಕಿದ ಅದರ ಬಂಧು ಬೇರಿಯೋನಿಕ್ಸ್‌ನ ಹೊಟ್ಟೆಯ ಭಾಗದಲ್ಲಿ ಮೀನಿನ ಹುರುಪೆಗಳೇ ಇದ್ದವು. ಸ್ಪೈನೊಸಾರಸ್ ಆಳದಲ್ಲಿ ಈಜುತ್ತಿತ್ತೋ, ಕೊಕ್ಕರೆಯಂತೆ ದಡದಲ್ಲಿ ನಿಂತು ಹಿಡಿಯುತ್ತಿತ್ತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅದರ ಮುಖ್ಯ ಊಟ ಮೀನು ಎಂಬುದರಲ್ಲಿ ಹೆಚ್ಚಿನವರಿಗೆ ಅನುಮಾನವಿಲ್ಲ. ಆ ನೀರಿನಲ್ಲಿ ಕಾರಿನುದ್ದದ ಮೀನುಗಳೂ ಇದ್ದವು.

ಅಂದರೆ ಪಿರಮಿಡ್ ತಲೆಕೆಳಗಾಗಿರಲಿಲ್ಲ. ನಾವು ನೆಲದ ಮೇಲಿನ ಭಾಗವನ್ನಷ್ಟೇ ನೋಡುತ್ತಿದ್ದೆವು, ಅದರ ಬುಡದ ಒಂದು ಭಾಗ ನೀರಿನೊಳಗಿತ್ತು. ಇನ್ನು ನೆಲದ ಸಸ್ಯಾಹಾರಿ? 2001ರಲ್ಲಿ ಅದೇ ಬಹರಿಯಾದಿಂದ ಪ್ಯಾರಲಿಟೈಟಾನ್ ಎಂಬ ಸಾರೊಪಾಡ್‌ಗೆ ಹೆಸರಿಟ್ಟರು. ಅದರ ತೋಳುಮೂಳೆಯೊಂದೇ 1.69 ಮೀಟರ್. ತೂಕ 20 ಟನ್ ಎನ್ನುವವರೂ ಇದ್ದಾರೆ, 50 ಟನ್ ಎನ್ನುವವರೂ ಇದ್ದಾರೆ. ಯಾವುದು ಸರಿಯಾದರೂ ಅಲ್ಲಿನ ಮಾಂಸಾಹಾರಿಗಳೆಲ್ಲಕ್ಕಿಂತ ಅದೇ ದೊಡ್ಡದು. ಅದರ ಮೂಳೆಗಳ ನಡುವೆ ಒಂದು ಮಾಂಸಾಹಾರಿಯ ಹಲ್ಲೂ ಸಿಕ್ಕಿತು. ಸತ್ತ ದೈತ್ಯನನ್ನು ಯಾರೋ ತಿನ್ನಲು ಬಂದಿದ್ದರು.

ಸೃಷ್ಟಿಯನ್ನು ಕಣ್ಣು ತೆರೆದು ನೋಡಿ, ಯೋಚಿಸಿ ಎಂಬ ಮಾತನ್ನು ಮದ್ರಸದ ದಿನಗಳಿಂದಲೂ ನಾವು ಕೇಳಿದ್ದೇವೆ. ನೋಡುವುದೆಂದರೆ ಹೀಗೆ: ಒಂದು ಪ್ರಾಣಿಯ ಗಾತ್ರ ಕಂಡು ಬೆರಗಾಗುವುದರ ಜೊತೆಗೆ ಅದು ಏನು ತಿನ್ನುತ್ತಿತ್ತು, ಆ ಊಟ ಎಲ್ಲಿಂದ ಬಂತು, ಆ ಭಾರವನ್ನು ಹೊತ್ತದ್ದು ಯಾವುದು ಎಂದು ಕೇಳುವುದು.

ಬಹರಿಯಾದಲ್ಲಿ ಒಂದು ಕಾಲಕ್ಕೆ ಹೊರದೇಶದವರು ಅಗೆದು ಮೂಳೆಗಳನ್ನು ಕೊಂಡೊಯ್ದರು. ಈಗ ಅಗೆಯುವವರು ಈಜಿಪ್ಟಿನವರೇ. ಅಲ್ಲಿನ ಮನ್ಸೂರಾ ವಿಶ್ವವಿದ್ಯಾಲಯದ ಹಿಶಾಮ್ ಸಲ್ಲಾಮ್ ತಮ್ಮ ವಿದ್ಯಾರ್ಥಿಗಳ ಜೊತೆ ದಾಖ್ಲಾ ಓಯಸಿಸ್‌ನಲ್ಲಿ ಹೊಸ ಸಸ್ಯಾಹಾರಿ ಡೈನೋಸಾರ್ ಒಂದನ್ನು ಪತ್ತೆಹಚ್ಚಿದರು. ಆ ತಂಡದಲ್ಲಿ ಹಲವು ವಿದ್ಯಾರ್ಥಿನಿಯರೂ ಇದ್ದರು. 2018ರಲ್ಲಿ ಅದಕ್ಕೆ ಇಟ್ಟ ಹೆಸರು ಮನ್ಸೂರಾಸಾರಸ್, ತಮ್ಮ ವಿಶ್ವವಿದ್ಯಾಲಯದ ಹೆಸರೇ. ಪಿಯು ಮುಗಿಸಿ ಭೂವಿಜ್ಞಾನವನ್ನೋ ಪ್ರಾಣಿಶಾಸ್ತ್ರವನ್ನೋ ಓದಲು ಹೊರಡುವವರು ನಮ್ಮಲ್ಲೂ ಇದ್ದಾರೆ. ಗುಜರಾತಿನಲ್ಲಿ, ನರ್ಮದೆಯ ದಡದಲ್ಲಿ, ಗೋದಾವರಿ ಕಣಿವೆಯಲ್ಲಿ ಅಗೆಯದೆ ಉಳಿದ ಬಂಡೆಗಳು ಇನ್ನೂ ಬಹಳ ಇವೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ